ಧರ್ಮಕ್ಕೆ ಕಾನೂನಿನ ವಿನಾಯಿತಿ: ಕುಮಾರಧಾರೆಯ ತೀರದ ಎರಡು ಪ್ರಕರಣಗಳು ಮತ್ತು ಶರಣರ ಅಳತೆಗೋಲು

ಎಲ್ಲರಿಗೂ ಅನ್ವಯಿಸುವ ಕಾನೂನಿನಿಂದ ಧಾರ್ಮಿಕ ಸಂಸ್ಥೆಗಳಿಗೆ ಅಥವಾ ಆಚರಣೆಗಳಿಗೆ ದೊರೆಯುವ ಬಿಡುಗಡೆಯನ್ನು ಧಾರ್ಮಿಕ ವಿನಾಯಿತಿ ಎನ್ನುತ್ತಾರೆ. ಆಧುನಿಕ ಪ್ರಜಾಪ್ರಭುತ್ವದಲ್ಲಿ ಇಂತಹ ವಿನಾಯಿತಿಗೆ ಸ್ಥಾನವಿದೆಯೇ, ಇದ್ದರೆ ಅದರ ಎಲ್ಲೆ ಯಾವುದು ಎಂಬುದು ಇಂದು ಲೋಕದಾದ್ಯಂತ ಚರ್ಚೆಯಲ್ಲಿರುವ ವಿಷಯ. ಕರ್ನಾಟಕದ ಮಟ್ಟಿಗೆ ಈ ಚರ್ಚೆಯ ಎರಡು ಮುಖ್ಯ ಪ್ರಕರಣಗಳು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ಸೀಮೆಯಿಂದಲೇ ಹುಟ್ಟಿವೆ. ಒಂದು, ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನ. ಇನ್ನೊಂದು, ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಾಲಯವು ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆ. ಕುಮಾರಧಾರೆಯು ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವಂತೆ, ಈ ಎರಡು ಪ್ರಕರಣಗಳೂ ಕೊನೆಗೆ ಒಂದೇ ಪ್ರಶ್ನೆಯಲ್ಲಿ ಸಂಗಮಿಸುತ್ತವೆ.

ಈ ಸೀಮೆಯು ಲಿಂಗಾಯತ ಪರಂಪರೆಗೆ ಅಪರಿಚಿತವಲ್ಲ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಳ್ಳುವವರೆಗೆ ಅಮರ ಸುಳ್ಯ ಮತ್ತು ಪುತ್ತೂರಿನ ಭಾಗಗಳು ಲಿಂಗಾಯತ ಅರಸು ಮನೆತನವಾದ ಹಾಲೇರಿಯ ಆಳ್ವಿಕೆಯಲ್ಲಿದ್ದವು. 1837ರಲ್ಲಿ ಕಂದಾಯವನ್ನು ನಗದಿನಲ್ಲಿಯೇ ತೆರಬೇಕೆಂಬ ಕಂಪನಿಯ ನಿಯಮದಿಂದ ಬೇಸತ್ತ ರೈತರು ಬಂಡೆದ್ದಾಗ, ಅವರನ್ನು ಒಗ್ಗೂಡಿಸಿದ್ದು ಕಲ್ಯಾಣಸ್ವಾಮಿ ಎಂಬ ಜಂಗಮನ ಹೆಸರು. ಜನರು ಧರ್ಮದ ಲಾಂಛನದ ಮೇಲೆ ಇಡುವ ವಿಶ್ವಾಸ ಎಷ್ಟು ದೊಡ್ಡದು ಎಂಬುದಕ್ಕೆ ಇದೊಂದು ನಿದರ್ಶನ. ವಿನಾಯಿತಿಯ ಪ್ರಶ್ನೆಯೂ ಮೂಲದಲ್ಲಿ ಆ ವಿಶ್ವಾಸದ ಪ್ರಶ್ನೆಯೇ ಆಗಿದೆ.

ಸ್ವಾತಂತ್ರ್ಯ, ವಿನಾಯಿತಿ, ಸವಲತ್ತು

ಚರ್ಚೆಯಲ್ಲಿ ಮೂರು ಮಾತುಗಳು ಸಾಮಾನ್ಯವಾಗಿ ಕಲಸಿಹೋಗುತ್ತವೆ. ತನ್ನ ನಂಬಿಕೆಯಂತೆ ಪೂಜಿಸುವುದು, ನಂಬದೆ ಇರುವುದು, ಬೋಧಿಸುವುದು ಸ್ವಾತಂತ್ರ್ಯ. ಅದು ಪ್ರತಿಯೊಬ್ಬ ಪ್ರಜೆಯ ಹಕ್ಕು. ಎಲ್ಲರಿಗೂ ಇರುವ ನಿಯಮವೊಂದರಿಂದ ಶ್ರದ್ಧೆಯ ಕಾರಣಕ್ಕಾಗಿ ಬಿಡುಗಡೆ ಪಡೆಯುವುದು ವಿನಾಯಿತಿ. ಸಂವಿಧಾನದ 25ನೆಯ ವಿಧಿಯು ಸಿಖ್ಖರು ಕಿರ್ಪಾಣ ಧರಿಸುವುದನ್ನು ಅವರ ಧರ್ಮಾಚರಣೆಯ ಭಾಗವೆಂದು ಒಪ್ಪಿರುವುದು ಇದಕ್ಕೆ ಸ್ಪಷ್ಟ ಉದಾಹರಣೆ. ತೆರಿಗೆ ರಿಯಾಯಿತಿ, ಅನುದಾನ, ಆಡಳಿತದಲ್ಲಿ ಪ್ರತ್ಯೇಕ ಸ್ಥಾನ ಮೊದಲಾದವು ಸವಲತ್ತು. ಸ್ವಾತಂತ್ರ್ಯವನ್ನು ಸಮರ್ಥಿಸುವ ವಾದವನ್ನು ಸವಲತ್ತಿಗೆ ಹೊದಿಸಿದರೆ ನ್ಯಾಯ ತಪ್ಪುತ್ತದೆ. ಸವಲತ್ತನ್ನು ಟೀಕಿಸುವ ಭರದಲ್ಲಿ ಸ್ವಾತಂತ್ರ್ಯಕ್ಕೆ ಕೈಹಾಕಿದರೂ ತಪ್ಪುತ್ತದೆ.

ನಮ್ಮ ಸಂವಿಧಾನವು ಧಾರ್ಮಿಕ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಹಾಗೂ ಇತರ ಮೂಲಭೂತ ಹಕ್ಕುಗಳಿಗೆ ಅಧೀನಗೊಳಿಸಿಯೇ ಕೊಟ್ಟಿದೆ. ಸಮಾಜ ಸುಧಾರಣೆಗಾಗಿ ಕಾನೂನು ಮಾಡುವ ಅಧಿಕಾರವನ್ನು ಅದೇ 25ನೆಯ ವಿಧಿ ಸರ್ಕಾರಕ್ಕೆ ಉಳಿಸಿದೆ. 26ನೆಯ ವಿಧಿಯು ಪಂಗಡಗಳಿಗೆ ತಮ್ಮ ಧಾರ್ಮಿಕ ವ್ಯವಹಾರಗಳನ್ನು ತಾವೇ ನಡೆಸಿಕೊಳ್ಳುವ ಹಕ್ಕನ್ನು ನೀಡಿದೆ.

ಕರಾವಳಿಯಿಂದ ಬಂದ ಎರಡು ತೀರ್ಪುಗಳು

ಈ ವಿಧಿಗಳ ಅರ್ಥವನ್ನು ಮೊದಲಿಗೆ ನಿಷ್ಕರ್ಷಿಸಿದ ತೀರ್ಪುಗಳಲ್ಲಿ ಎರಡು ಹಳೆಯ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. ಆಗ ಜಿಲ್ಲೆಯು ಮದರಾಸು ಪ್ರಾಂತ್ಯದಲ್ಲಿದ್ದು, 1951ರ ಮದರಾಸು ದತ್ತಿ ಕಾಯಿದೆ ಇಲ್ಲಿಗೆ ಅನ್ವಯಿಸುತ್ತಿತ್ತು. ಉಡುಪಿಯ ಶೀರೂರು ಮಠವು ಅದನ್ನು ಪ್ರಶ್ನಿಸಿತು. 1954ರಲ್ಲಿ ಸುಪ್ರೀಂ ಕೋರ್ಟು, ಧರ್ಮವೆಂದರೆ ಕೇವಲ ನಂಬಿಕೆಯಲ್ಲ, ವಿಧಿ ಆಚರಣೆಗಳೂ ಅದರೊಳಗೇ ಬರುತ್ತವೆ ಎಂದು ಹೇಳಿತು. ಯಾವ ಆಚರಣೆ ಅತ್ಯಗತ್ಯವೆಂಬುದನ್ನು ಆಯಾ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕೆಂದೂ, ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದೆಂದೂ ಅದು ನಿರ್ಣಯಿಸಿತು.

ಎರಡನೆಯದು ಮೂಲ್ಕಿಯ ವೆಂಕಟರಮಣ ದೇವಾಲಯದ ಪ್ರಕರಣ. ಗೌಡ ಸಾರಸ್ವತ ಸಮಾಜವು ತನ್ನ ದೇವಾಲಯ ಪಂಗಡಕ್ಕೆ ಸೇರಿದ್ದಾದ್ದರಿಂದ 1947ರ ದೇವಾಲಯ ಪ್ರವೇಶ ಕಾಯಿದೆಯಿಂದ ಹೊರಗಿರಬೇಕೆಂದು ವಾದಿಸಿತು. ಅದು ಪಂಗಡದ ದೇವಾಲಯವೆಂಬುದನ್ನು ಸುಪ್ರೀಂ ಕೋರ್ಟು ಒಪ್ಪಿತು. ಆದರೂ, ಸಾರ್ವಜನಿಕ ದೇವಾಲಯವನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯುವ ಸಂವಿಧಾನದ ಆಶಯವೇ ಮೇಲು ಎಂದು 1957ರಲ್ಲಿ ತೀರ್ಪಿತ್ತಿತು. ಕೆಲವು ವಿಶೇಷ ವಿಧಿಗಳನ್ನು ಮಾತ್ರ ಪಂಗಡದವರಿಗೆ ಮೀಸಲಿಟ್ಟಿತು. ಪ್ರಾಮಾಣಿಕ ಶ್ರದ್ಧೆಗೆ ರಕ್ಷಣೆಯುಂಟು, ಮನುಷ್ಯರನ್ನು ಹೊರಗಿಡುವುದಕ್ಕೆ ರಕ್ಷಣೆಯಿಲ್ಲ ಎಂಬುದು ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದಾಗ ದೊರೆಯುವ ತಾತ್ಪರ್ಯ.

ಉಪ್ಪಿನಂಗಡಿಯ ಮೊಕದ್ದಮೆ

ಏಕೀಕರಣದ ನಂತರವೂ ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ದತ್ತಿ ಕಾಯಿದೆಗಳು ಉಳಿದಿದ್ದವು. ಅವುಗಳ ಬದಲಾಗಿ ಬಂದದ್ದು 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆ. ಅದು ಜಾರಿಗೆ ಬಂದದ್ದು 2003ರಲ್ಲಿ. ಮುಜರಾಯಿ ದೇವಾಲಯಗಳ ವ್ಯವಸ್ಥಾಪನಾ ಸಮಿತಿ, ಲೆಕ್ಕಪತ್ರ, ಸಾಮಾನ್ಯ ಸಂಗ್ರಹಣಾ ನಿಧಿಗೆ ನೀಡಬೇಕಾದ ಪಾಲು ಮುಂತಾದವನ್ನು ಈ ಕಾಯಿದೆ ಗೊತ್ತುಪಡಿಸುತ್ತದೆ. ಆದರೆ ಮಠಗಳು ಮತ್ತು ಮಠಗಳಿಗೆ ಸೇರಿದ ದೇವಾಲಯಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಕುಕ್ಕೆಯಲ್ಲಿ ಸುಬ್ರಹ್ಮಣ್ಯ ದೇವಾಲಯ ಮುಜರಾಯಿಗೆ ಸೇರಿದೆ. ಅದರ ಪಕ್ಕದ ಮಠ ಸೇರಿಲ್ಲ.

ಈ ಭೇದವನ್ನು ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಾಲಯ ಮತ್ತಿತರ ಅರ್ಜಿದಾರರು ಪ್ರಶ್ನಿಸಿದರು. 2006ರ ಸೆಪ್ಟೆಂಬರಿನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠವು ಕಾಯಿದೆಯನ್ನು ಅಸಾಂವಿಧಾನಿಕವೆಂದು ಘೋಷಿಸಿತು. ಮಠಗಳನ್ನು ಹೊರಗಿಟ್ಟು ಕೆಲವು ದೇವಾಲಯಗಳನ್ನಷ್ಟೇ ನಿಯಂತ್ರಣಕ್ಕೆ ಒಳಪಡಿಸುವುದು ಸಮಾನತೆಗೆ ವಿರುದ್ಧವೆಂಬುದು ಮುಖ್ಯ ಆಕ್ಷೇಪಗಳಲ್ಲೊಂದು. ಸರ್ಕಾರದ ಮೇಲ್ಮನವಿಯ ಮೇರೆಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. 2011ರಲ್ಲಿ ಕಾಯಿದೆಗೆ ವ್ಯಾಪಕ ತಿದ್ದುಪಡಿಗಳಾದವು.

ಈ ಪ್ರಕರಣವನ್ನು ಮಠಗಳು ದೂರದಿಂದ ನೋಡುವಂತಿಲ್ಲ. ಇಲ್ಲಿ ಪ್ರಶ್ನೆಗೊಳಗಾದದ್ದು ಮಠಗಳಿಗಿರುವ ವಿನಾಯಿತಿಯೇ. ಹಳ್ಳಿಯ ದೇವಾಲಯವೊಂದು ತನ್ನ ಕಾಣಿಕೆ ಹುಂಡಿಯ ಲೆಕ್ಕವನ್ನು ಅಧಿಕಾರಿಗಳಿಗೆ ಒಪ್ಪಿಸಬೇಕಾಗಿರುವಾಗ, ಅದಕ್ಕಿಂತ ಹಲವು ಪಟ್ಟು ಆಸ್ತಿಯುಳ್ಳ ಮಠವೇಕೆ ಹೊರಗಿರಬೇಕು ಎಂದು ಭಕ್ತನೊಬ್ಬನು ಕೇಳಿದರೆ ಅದು ಧರ್ಮದ್ರೋಹವಲ್ಲ, ನ್ಯಾಯವಾದ ಪ್ರಶ್ನೆ.

ಕುಕ್ಕೆಯ ಮಡೆಸ್ನಾನ

ಮಾರ್ಗಶಿರ ಶುದ್ಧ ಷಷ್ಠಿ, ಅಂದರೆ ಚಂಪಾಷಷ್ಠಿಯ ಸಂದರ್ಭದಲ್ಲಿ ಕುಕ್ಕೆಯಲ್ಲಿ ಬ್ರಾಹ್ಮಣರು ಉಂಡು ಬಿಟ್ಟ ಎಂಜಲೆಲೆಗಳ ಮೇಲೆ ಭಕ್ತರು ಹರಕೆಯಾಗಿ ಉರುಳುತ್ತಿದ್ದರು. ಚರ್ಮರೋಗ ಮೊದಲಾದವು ಇದರಿಂದ ಗುಣವಾಗುವುವೆಂಬುದು ಅವರ ನಂಬಿಕೆ. ಹಿಂದುಳಿದ ವರ್ಗಗಳ ಮತ್ತು ಎಡಪಂಥೀಯ ಸಂಘಟನೆಗಳು ಇದನ್ನು ವಿರೋಧಿಸಿದವು. ಮಠಾಧೀಶರಲ್ಲಿ ನಿಡುಮಾಮಿಡಿ ಮಠದ ವೀರಭದ್ರ ಚನ್ನಮಲ್ಲ ಸ್ವಾಮಿಗಳು ಈ ವಿರೋಧದ ಮುಂಚೂಣಿಯಲ್ಲಿದ್ದರು.

ಆದರೆ ವಿಷಯ ಅಷ್ಟು ಸರಳವಾಗಿರಲಿಲ್ಲ. 2011ರಲ್ಲಿ ಆಚರಣೆಗೆ ನಿರ್ಬಂಧ ಹೇರಿದಾಗ ಅದನ್ನು ಪ್ರತಿಭಟಿಸಿದವರಲ್ಲಿ ಮಲೆಕುಡಿಯರೂ ಇದ್ದರು. ಬೆತ್ತದಿಂದ ಬ್ರಹ್ಮರಥವನ್ನು ಕಟ್ಟುವ ಸೇವೆ ಪರಂಪರೆಯಿಂದ ಅವರದು. ನಿರ್ಬಂಧ ತೆಗೆಯದಿದ್ದರೆ ರಥ ಕಟ್ಟುವುದಿಲ್ಲವೆಂದು ಅವರು ಹೇಳಿದರು. ನಿರ್ಬಂಧ ಹಿಂದೆ ಸರಿಯಿತು. 2012ರಲ್ಲಿ ಸರ್ಕಾರವು ದೇವರ ನೈವೇದ್ಯವನ್ನು ಬಡಿಸಿದ ಎಲೆಗಳ ಮೇಲೆ, ಜಾತಿಭೇದವಿಲ್ಲದೆ ಉರುಳುವ ‘ಎಡೆಸ್ನಾನ’ವನ್ನು ಸೂಚಿಸಿತು, ಹೈಕೋರ್ಟು ಅದನ್ನು ಒಪ್ಪಿತು. ಆ ಆದೇಶಕ್ಕೆ ಅದೇ ವರ್ಷ ಸುಪ್ರೀಂ ಕೋರ್ಟಿನಲ್ಲಿ ತಡೆ ದೊರೆತು ಹಳೆಯ ರೂಢಿ ಮುಂದುವರಿಯಿತು. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮಡೆಸ್ನಾನಕ್ಕೇ ತಡೆ ನೀಡಿತು.

ಸಮರ್ಥಕರ ವಾದ ಒಂದೇ: ಯಾರನ್ನೂ ಬಲವಂತಪಡಿಸಿಲ್ಲ, ಭಕ್ತರು ತಾವಾಗಿಯೇ ಉರುಳುತ್ತಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಬಡವನ ಹರಕೆಯನ್ನು ಅಜ್ಞಾನವೆಂದು ನಗುವುದೂ ಒಂದು ಬಗೆಯ ಮೇಲರಿಮೆಯೇ. ಆದರೆ ಇಚ್ಛೆಯೊಂದೇ ಸಾಕಾದ ಪ್ರಮಾಣವಲ್ಲ. ಒಬ್ಬನ ಎಂಜಲು ಹುಟ್ಟಿನ ಕಾರಣದಿಂದಲೇ ಪವಿತ್ರ, ಇನ್ನೊಬ್ಬನ ದೇಹ ಅದರಿಂದಲೇ ಶುದ್ಧವಾಗಬೇಕು ಎಂಬ ಕಲ್ಪನೆಯ ಮೇಲೆ ಆಚರಣೆ ನಿಂತಿದ್ದರೆ, ಉರುಳುವವನ ಇಚ್ಛೆಯು ಆ ಮೇಲುಕೀಳನ್ನು ಅಳಿಸುವುದಿಲ್ಲ.

2017ರ ಕಾಯಿದೆ ಮತ್ತು ಒಳಗಿನಿಂದ ಬಂದ ಬದಲಾವಣೆ

ಅಮಾನವೀಯ ದುಷ್ಟ ಪದ್ಧತಿಗಳನ್ನು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ 2017ರ ಕಾಯಿದೆಯು 2020ರಲ್ಲಿ ಜಾರಿಗೆ ಬಂದಿತು. ಇತರರು ಉಂಡ ಎಂಜಲೆಲೆಗಳ ಮೇಲೆ ಉರುಳಲು ಅವಕಾಶ ಕಲ್ಪಿಸುವುದು ಇದರ ಅನುಸೂಚಿಯಲ್ಲಿದೆ. ಅಪರಾಧಕ್ಕೆ ಒಂದರಿಂದ 7 ವರ್ಷಗಳ ಸೆರೆ ಮತ್ತು 5,000ದಿಂದ 50,000 ರೂಪಾಯಿಗಳ ದಂಡವುಂಟು. ಗಮನಿಸಬೇಕಾದ ಸಂಗತಿಯೆಂದರೆ, ಇದೇ ಕಾಯಿದೆಯು ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆ, ಪ್ರವಚನ, ಭಜನೆ, ಮಕ್ಕಳಿಗೆ ಕಿವಿ ಮೂಗು ಚುಚ್ಚುವುದು, ಜೈನರ ಕೇಶಲೋಚನ ಮೊದಲಾದವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹೀಗೆ ನಿಷೇಧವೂ ವಿನಾಯಿತಿಯೂ ಒಂದೇ ಶಾಸನದಲ್ಲಿ ಅಕ್ಕಪಕ್ಕದಲ್ಲಿವೆ.

ಕಾನೂನಿನ ದಂಡಕ್ಕಿಂತ ಹಿರಿದಾದದ್ದು ಮನಃಪರಿವರ್ತನೆ. ಕಾಯಿದೆ ಜಾರಿಯಾಗುವ ಮೊದಲೇ, 2018ರ ಚಂಪಾಷಷ್ಠಿಯಲ್ಲಿ, ಉಡುಪಿಯ ಕೃಷ್ಣಮಠದಲ್ಲಿ ಪರ್ಯಾಯ ಪೀಠದಲ್ಲಿದ್ದ ಪಲಿಮಾರು ಶ್ರೀಗಳು ಮಡೆಸ್ನಾನವನ್ನೂ ಎಡೆಸ್ನಾನವನ್ನೂ ಕೈಬಿಟ್ಟರು. ಪೀಠಸ್ಥರೊಬ್ಬರು ತಾವೇ ಬೇಡವೆಂದಾಗ ಶ್ರದ್ಧೆಗೆ ಧಕ್ಕೆಯಾಗಲಿಲ್ಲ ಎಂಬುದು ನೆನಪಿಡತಕ್ಕದ್ದು.

ವಿನಾಯಿತಿ ಸಿಗದ ಕಡೆ, ಸಿಗುವ ಕಡೆ

ಧರ್ಮಕ್ಕೆ ಎಲ್ಲೆಡೆಯೂ ವಿನಾಯಿತಿ ದೊರೆತಿದೆ ಎನ್ನುವುದು ಸರಿಯಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ ದೇವಾಲಯ ಮತ್ತು ಮಠಗಳ ಗೇಣಿ ಭೂಮಿಯೂ ಗೇಣಿದಾರರ ಪಾಲಾಯಿತು. ದಕ್ಷಿಣ ಕನ್ನಡದಲ್ಲಿ ಇದರ ಪರಿಣಾಮ ವ್ಯಾಪಕವಾಗಿತ್ತು. ಭೂಮಿ ಕಳೆದುಕೊಂಡ ಅನೇಕ ದೇವಾಲಯಗಳು ಇಂದು ತಸ್ತೀಕಿನ ಹಣವನ್ನು ನೆಚ್ಚಿವೆ. ದೇವರ ಹೆಸರಿನ ಭೂಮಿಯೂ ಉಳುವವನಿಗೇ ಸೇರಲಿ ಎಂದ ಆ ಶಾಸನವು ಕಾಯಕ ತತ್ತ್ವಕ್ಕೆ ದೂರವಾದುದಲ್ಲ.

ಇನ್ನೊಂದೆಡೆ, 1961ರ ಆದಾಯ ತೆರಿಗೆ ಕಾಯಿದೆ ರೂಪಿಸಿದ ವ್ಯವಸ್ಥೆಯಂತೆ ನೋಂದಾಯಿತ ಧಾರ್ಮಿಕ ಮತ್ತು ಧರ್ಮಾರ್ಥ ನ್ಯಾಸಗಳು ತಮ್ಮ ಆದಾಯದ ಶೇಕಡಾ 85 ಭಾಗವನ್ನು ಉದ್ದೇಶಿತ ಕಾರ್ಯಗಳಿಗೆ ವಿನಿಯೋಗಿಸಿದರೆ ತೆರಿಗೆಯಿಂದ ಮುಕ್ತ. ಈ ರಿಯಾಯಿತಿಯ ಅರ್ಥವೇನೆಂದರೆ, ಆ ಹಣದಲ್ಲಿ ಒಂದು ಪಾಲು ಸಾರ್ವಜನಿಕರದೇ. ಆದುದರಿಂದ ಅದರ ಲೆಕ್ಕ ಕೇಳುವ ಹಕ್ಕೂ ಸಾರ್ವಜನಿಕರದೇ.

ಶರಣರ ಅಳತೆಗೋಲು

ಹನ್ನೆರಡನೆಯ ಶತಮಾನದ ಶರಣರು ಪ್ರಭುತ್ವದಿಂದ ಸವಲತ್ತು ಬೇಡಿದವರಲ್ಲ. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹಕ್ಕಾಗಿ ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ರೂಢಿಯನ್ನು ಕಾಯಲು ರಾಜದಂಡ ಇಳಿದಾಗ ಬಲಿಯಾದವರು ನಮ್ಮ ಹಿರಿಯರೇ. ಆದ್ದರಿಂದ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಲಿಂಗಾಯತರು ಎಂದಿಗೂ ಅಗ್ಗವಾಗಿ ಕಾಣಲಾರರು. ಅದೇ ಇತಿಹಾಸವು ಇನ್ನೊಂದನ್ನೂ ಕಲಿಸುತ್ತದೆ: ಹುಟ್ಟಿನ ಮೇಲುಕೀಳನ್ನು ಉಳಿಸಿಕೊಳ್ಳಲು ಧರ್ಮದ ಹೆಸರನ್ನು ಬಳಸುವವರ ಎದುರು ಶರಣರು ನಿಂತಿದ್ದರು.

ಇಲ್ಲಿ ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮಡೆಸ್ನಾನವನ್ನು ಖಂಡಿಸುವ ಲಿಂಗಾಯತರು ಪಾದೋದಕ, ಪ್ರಸಾದಗಳನ್ನು ಸ್ವೀಕರಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅಷ್ಟಾವರಣದಲ್ಲಿ ಗುರು, ಜಂಗಮರು ಅರಿವಿನಿಂದ ಆಗುವ ಸ್ಥಾನಗಳು, ಹುಟ್ಟಿನಿಂದಲ್ಲ. ಆದ್ದರಿಂದ ತತ್ತ್ವದಲ್ಲಿ ಎರಡಕ್ಕೂ ಹೋಲಿಕೆಯಿಲ್ಲ. ಆದರೆ ಜಂಗಮತ್ವವನ್ನು ವಂಶದ ಸೊತ್ತಾಗಿಸಿಕೊಂಡು, ಪೀಠಕ್ಕೆ ಒಂದೇ ಕುಲದವರನ್ನು ಆರಿಸಿಕೊಂಡು ಬಂದ ಕಡೆ ಈ ಉತ್ತರ ಬಲಹೀನವಾಗುತ್ತದೆ. ನೆರೆಯವರ ಆಚರಣೆಯನ್ನು ಅಳೆಯುವ ಕೋಲಿನಿಂದಲೇ ನಮ್ಮ ಮನೆಯನ್ನೂ ಅಳೆಯಬೇಕು. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರವು ಅಲ್ಪಸಂಖ್ಯಾತ ಧರ್ಮದ ಮಾನ್ಯತೆಗಾಗಿ ಮಾಡಿದ ಶಿಫಾರಸಿನ ಚರ್ಚೆಯಲ್ಲಿಯೂ ಇದು ಸಲ್ಲುತ್ತದೆ. ಪ್ರತ್ಯೇಕ ಗುರುತು ತತ್ತ್ವದ ಪ್ರಶ್ನೆ. ಅದರೊಡನೆ ಬರುವ ಶೈಕ್ಷಣಿಕ ಸವಲತ್ತು ಬೇರೆ ಪ್ರಶ್ನೆ. ಎರಡನೆಯದಕ್ಕಾಗಿ ಮೊದಲನೆಯದನ್ನು ಹೇಳುವುದು ಶರಣಮಾರ್ಗವಲ್ಲ.

ನಿರ್ಣಯ

ಮೇಲಿನ ಪ್ರಕರಣಗಳಿಂದ ಮೂರು ಅಳತೆಗಳನ್ನು ಗ್ರಹಿಸಬಹುದು. ಮೊದಲನೆಯದಾಗಿ, ವಿನಾಯಿತಿಯ ಭಾರವು ಅದನ್ನು ಕೇಳಿದವನ ಮೇಲೆಯೇ ಬೀಳಬೇಕು. ಇನ್ನೊಬ್ಬನ ಘನತೆಯ ಮೇಲೆ ಅಲ್ಲ. ಎರಡನೆಯದಾಗಿ, ಒಂದು ಶ್ರದ್ಧೆಗೆ ಕೊಟ್ಟದ್ದನ್ನು ಅದೇ ಸ್ಥಿತಿಯಲ್ಲಿರುವ ಇನ್ನೊಂದಕ್ಕೆ ನಿರಾಕರಿಸಬಾರದು. ಮೂರನೆಯದಾಗಿ, ಸವಲತ್ತು ಪಡೆದ ಸಂಸ್ಥೆ ಲೆಕ್ಕ ಒಪ್ಪಿಸಲು ಸಿದ್ಧವಿರಬೇಕು. ಆತ್ಮಸಾಕ್ಷಿಯ ರಕ್ಷಣೆ ಈ ಮೂರರಲ್ಲೂ ಉತ್ತೀರ್ಣವಾಗುತ್ತದೆ. ಮಡೆಸ್ನಾನ ಮೊದಲನೆಯದರಲ್ಲಿಯೇ ಸೋಲುತ್ತದೆ.

ಮಠಗಳಿಗಿರುವ ವಿನಾಯಿತಿ ಎರಡನೆಯ ಮತ್ತು ಮೂರನೆಯ ಅಳತೆಗಳಲ್ಲಿ ಇನ್ನೂ ಪರೀಕ್ಷೆಯಲ್ಲಿದೆ. ಅದರ ಫಲಿತಾಂಶ ನ್ಯಾಯಾಲಯದ ಕೈಯಲ್ಲಿ ಮಾತ್ರ ಇಲ್ಲ. ದಾಸೋಹವೆಂದರೆ ತನ್ನದೆಂಬುದನ್ನು ಸಮಾಜಕ್ಕೆ ಅರ್ಪಿಸುವುದು. ಕಾನೂನು ಕೇಳದಿದ್ದರೂ ಆಯವ್ಯಯವನ್ನು ಭಕ್ತರ ಮುಂದೆ ಪ್ರತಿವರ್ಷ ಓದಿ ಹೇಳುವ ಮಠವು ತನ್ನ ವಿನಾಯಿತಿಗೆ ತಾನೇ ಅರ್ಹತೆ ಗಳಿಸಿಕೊಳ್ಳುತ್ತದೆ.