ಹಳೆಯ ಜಪಾನೀ ಮೋಟಾರು ಸೈಕಲ್ಲಿನ ಹುಟ್ಟೂರು

ಮನುಷ್ಯನಿಗೆ ಹುಟ್ಟೂರು ಇರುವಂತೆ ಯಂತ್ರಕ್ಕೂ ಒಂದು ಹುಟ್ಟೂರು ಉಂಟು. ಮನುಷ್ಯನಾದರೆ ಕೇಳಿದೊಡನೆ ಊರಿನ ಹೆಸರು ಹೇಳುತ್ತಾನೆ. ಯಂತ್ರದ ವಿಷಯದಲ್ಲಿ ನಾವೇ ಹುಡುಕಿ ತಿಳಿಯಬೇಕು. ಜಪಾನೀ ಹೆಸರಿನ ಹಳೆಯ ಮೋಟಾರು ಸೈಕಲ್ಲೊಂದು ನಿಮ್ಮ ಹಿತ್ತಿಲಲ್ಲೋ ನೆಂಟರ ಕೊಟ್ಟಿಗೆಯಲ್ಲೋ ಧೂಳು ಹಿಡಿದು ನಿಂತಿದೆ ಎಂದಿಟ್ಟುಕೊಳ್ಳಿ. ಅದು ತಯಾರಾದದ್ದೆಲ್ಲಿ ಎಂದು ಯಾರಾದರೂ ಕೇಳಿದರೆ, ಟ್ಯಾಂಕಿನ ಮೇಲಿನ ಹೆಸರನ್ನು ಓದಿ, 'ಜಪಾನಿನಲ್ಲಿ' ಎಂದುಬಿಡುತ್ತೀರಿ. ಆ ಉತ್ತರ ಸರಿಯಾಗಿರಬಹುದು, ತಪ್ಪೂ ಆಗಿರಬಹುದು. ಟ್ಯಾಂಕಿನ ಮೇಲಿರುವುದು ಮನೆತನದ ಹೆಸರು. ಊರಿನ ಹೆಸರನ್ನು ಬೇರೆ ಕಡೆ ಹುಡುಕಬೇಕು.

ಬಲ್ಲವರು ಮೊದಲು ನೋಡುವುದು ನಂಬರುಗಳನ್ನು. ಒಂದು ಚಾಸಿ ನಂಬರು. ಹ್ಯಾಂಡಲಿನ ಕೆಳಗೆ, ಮುಂದಿನ ಫೋರ್ಕು ತಿರುಗುವ ಕೊಳವೆಯ ಮೇಲೆ ಅದನ್ನು ಸಾಮಾನ್ಯವಾಗಿ ಒತ್ತಿರುತ್ತಾರೆ. ಇನ್ನೊಂದು ಎಂಜಿನ್ನಿನ ನಂಬರು. ಅದು ಎಂಜಿನ್ನಿನ ಒಡಲ ಮೇಲೆಯೇ ಇರುತ್ತದೆ. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. 1969ರಲ್ಲಿ ಮಾರಾಟಕ್ಕೆ ಬಂದ ಹೋಂಡಾ ಸಿ.ಬಿ. 750 ಗಾಡಿಯ ಚಾಸಿ ನಂಬರಿನಲ್ಲಿ ಮಾದರಿಯ ಹೆಸರೂ ಕ್ರಮಸಂಖ್ಯೆಯೂ ಇದ್ದರೆ, ಎಂಜಿನ್ನಿನ ನಂಬರಿನಲ್ಲಿ ಆ ಹೆಸರಿಗೆ 'ಇ' ಎಂಬ ಅಕ್ಷರ ಹೆಚ್ಚಾಗಿ ಸೇರಿತ್ತು. ಕ್ರಮಸಂಖ್ಯೆಗಳು ಹೊಂದುತ್ತಿರಲಿಲ್ಲ. ಇದನ್ನರಿಯದವರು ಎಂಜಿನ್ನು ಬದಲಾಗಿದೆ ಎಂದು ವೃಥಾ ಅನುಮಾನಪಡುತ್ತಾರೆ.

ಅಮೆರಿಕಕ್ಕೆ ಹೋಗುವ ವಾಹನಗಳಿಗೆ 1981ರ ಮಾದರಿಗಳಿಂದ ಮೊದಲಾಗಿ 17 ಅಕ್ಷರ ಮತ್ತು ಅಂಕಿಗಳ ಒಂದೇ ಕ್ರಮ ಜಾರಿಗೆ ಬಂತು. ಅದರಲ್ಲಿ ಮೊದಲ ಸ್ಥಾನ ದೇಶವನ್ನೂ, ಹನ್ನೊಂದನೆಯದು ಕಾರ್ಖಾನೆಯನ್ನೂ ಸೂಚಿಸುತ್ತವೆ. ಜಪಾನಿಗೆ 'ಜೆ', ಅಮೆರಿಕಕ್ಕೆ 1 ಎಂಬ ಅಂಕಿ. ಇನ್ನೇನು, ಸಮಸ್ಯೆ ಬಗೆಹರಿಯಿತಲ್ಲ ಎನ್ನುವಿರಾ? ಸ್ವಲ್ಪ ತಾಳಿ. ಹೋಂಡಾ ಕಂಪನಿ 1979ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಮೇರಿಸ್‌ವಿಲ್‌ನಲ್ಲಿ ಮೋಟಾರು ಸೈಕಲ್ಲು ತಯಾರಿಸತೊಡಗಿತು. ಮುಂದೆ ಅಲ್ಲಿಂದ ಹೊರಬಂದ ಗೋಲ್ಡ್ ವಿಂಗ್ ಗಾಡಿಗಳ ನಂಬರು 1ರಿಂದಲೇ ಆರಂಭವಾಗುತ್ತದೆ. ಅದಕ್ಕೂ ಮೊದಲೇ, 1974ರಲ್ಲಿ, ಕವಾಸಾಕಿ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರಕ್ಕೆ ಬಂದಿತ್ತು. ಅಮೆರಿಕದ ಪೊಲೀಸರು ಬಹುಕಾಲ ಏರಿದ ಕವಾಸಾಕಿ 1000 ಗಾಡಿ 2005ರವರೆಗೂ ಅಲ್ಲಿ ತಯಾರಾಯಿತು. ಆದರೆ ಅದರ ನಂಬರಿನ ಮೊದಲಕ್ಷರ 'ಜೆ'! ಹನ್ನೊಂದನೆಯ ಸ್ಥಾನಕ್ಕೆ ಹೋಗಿ, ಅಲ್ಲಿರುವ 'ಬಿ' ಲಿಂಕನ್ನಿನ ಗುರುತೆಂದು ತಿಳಿದಾಗಲೇ ನಿಜ ಹೊರಬೀಳುವುದು. ಮೊದಲಕ್ಷರವನ್ನಷ್ಟೇ ನಂಬಿದವನು ಒಂದು ಮಹಾಸಾಗರದಷ್ಟು ದಾರಿ ತಪ್ಪುತ್ತಾನೆ.

ಇದರ ತಿರುವುಮುರುವೂ ಉಂಟು. 1960ರ ದಶಕದ ನಡುವಿನಿಂದ ಅಮೆರಿಕದಲ್ಲಿ ಹೊಡಾಕಾ ಎಂಬ ಹಗುರವಾದ ಗಾಡಿ ಜನಪ್ರಿಯವಾಯಿತು. ಅದನ್ನು ಮಾರುತ್ತಿದ್ದವರು ಆರೆಗನ್ ರಾಜ್ಯದ ಅಥೀನಾ ಎಂಬ ಸಣ್ಣ ಊರಿನ ವ್ಯಾಪಾರಿಗಳು; ತಯಾರಾಗುತ್ತಿದ್ದುದು ಜಪಾನಿನ ನಗೋಯಾದಲ್ಲಿ.

ನಮ್ಮ ನಾಡಿನವರಿಗೂ ಈ ಗೊಂದಲ ಅಪರಿಚಿತವಲ್ಲ. 1984ರಲ್ಲಿ ಬಂದ ಇಂಡ್-ಸುಜುಕಿ ಗಾಡಿಯನ್ನು ಬೆಂಗಳೂರಿನ ಬೀದಿಗಳಲ್ಲಿ ನೋಡಿದವರು 'ಜಪಾನಿನ ಗಾಡಿ' ಎಂದೇ ಕರೆದರು. ಅದು ತಯಾರಾದದ್ದು ಗಡಿಯಾಚೆ ಕೂಗಳತೆಯಲ್ಲಿರುವ ಹೊಸೂರಿನಲ್ಲಿ. 1985ರಲ್ಲಿ ಬಂದ ಹೀರೋ ಹೋಂಡಾ ಹರಿಯಾಣದ ಧಾರೂಹೇಡಾದಿಂದ ಬಂತು. 1983ರ ರಾಜದೂತ್ 350ರ ಕಥೆ ಇನ್ನೂ ವಿಚಿತ್ರ: ಹೆಸರು ಭಾರತದ್ದು, ತಯಾರಿಕೆಯೂ ಭಾರತದ್ದು, ನಕ್ಷೆ ಮಾತ್ರ ಜಪಾನಿನ ಯಮಾಹಾದ್ದು.

ನಂಬರು ಒಬ್ಬ ಸಾಕ್ಷಿ. ಗಾಡಿಯ ಬಿಡಿಭಾಗಗಳು ಎರಡನೆಯ ಸಾಕ್ಷಿ. ಅಡ್ಡಗೀರಿನ ಸ್ಕ್ರೂಗಳ ತಲೆಯನ್ನು ದೀಪ ಹಿಡಿದು ನೋಡಿ. ಗೀರಿನ ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆ ಇದ್ದರೆ ಅದು ಜಪಾನಿನ ಪ್ರಮಾಣದ ಸ್ಕ್ರೂ. ಇಲ್ಲಿಯ ಸಾಮಾನ್ಯ ಸ್ಕ್ರೂಡ್ರೈವರು ಹಾಕಿದರೆ ಅದರ ತಲೆ ಕಿತ್ತುಹೋಗುವ ಸಂಭವವೂ ಹೆಚ್ಚು. ಚಕ್ರದ ರಿಮ್ಮಿನ ಮೇಲೆ ಡಿ.ಐ.ಡಿ. ಎಂದಿದ್ದರೆ ಅದು ಇಷಿಕಾವಾ ಪ್ರಾಂತದ ಕಾಗಾದಲ್ಲಿ ನೆಲೆಸಿರುವ ಕಂಪನಿಯದು. ಎನ್.ಜಿ.ಕೆ. ಪ್ಲಗ್ಗಿನ ಮನೆತನ ನಗೋಯಾದ್ದು. ನಿಪ್ಪಾನ್ ಡೆನ್ಸೊ ಎಂಬ ಮುದ್ರೆಯಿರುವ ವಿದ್ಯುತ್ ಭಾಗಗಳದು ಕರಿಯಾ ಪಟ್ಟಣದ ಮನೆತನ. ಹೀಗೆ ಒಂದೊಂದನ್ನೇ ಓದುತ್ತ ಹೋದರೆ, ಒಂದು ಗಾಡಿಯ ಹಿಂದೆ ಹತ್ತು ಊರುಗಳ ಕೈಗಳು ಕಾಣುತ್ತವೆ.

ಎರಕದ ಮೈ ಕೂಡ ಮಾತಾಡುತ್ತದೆ. ಆರಂಭದ ಸಿ.ಬಿ. 750 ಗಾಡಿಗಳ ಎಂಜಿನ್ನಿನ ಒಡಲು ಒರಟೊರಟಾಗಿದೆ. ಇಷ್ಟು ದೊಡ್ಡ ಗಾಡಿ ಎಷ್ಟು ಮಾರಾಟವಾದೀತೆಂಬ ಭರವಸೆ ಕಂಪನಿಗೆ ಇರಲಿಲ್ಲ. ವರ್ಷಕ್ಕೆ 1,500 ಹೋದರೆ ಸಾಕೆಂದು ಲೆಕ್ಕ ಹಾಕಿ, ದುಬಾರಿಯಾದ ಅಚ್ಚುಗಳಿಗೆ ಹಣ ಹಾಕಲಿಲ್ಲ. ಬೇಡಿಕೆ ತಿಂಗಳಿಗೆ 1,500, ಆಮೇಲೆ ತಿಂಗಳಿಗೆ 3,000 ಎಂದು ಏರಿತು. ಆಗ ಹೊಸ ಅಚ್ಚುಗಳು ಬಂದವು, ಎಂಜಿನ್ನಿನ ಮೈ ನುಣುಪಾಯಿತು. ಆ ಒರಟು ಲೋಹವನ್ನು ಕೈಯಿಂದ ಸವರಿದರೆ ಒಂದು ಕಾರ್ಖಾನೆಯ ಅಂದಿನ ಅಳುಕು ನಿಮ್ಮ ಬೆರಳಿಗೆ ತಾಗುತ್ತದೆ.

ಈ ಗುರುತುಗಳನ್ನು ಹಿಡಿದು ಹಿಂದಕ್ಕೆ ನಡೆದರೆ, ಅನೇಕ ದಾರಿಗಳು ಒಂದೇ ಊರಿಗೆ ಹೋಗಿ ಮುಟ್ಟುತ್ತವೆ. ಅದು ಷಿಜುಒಕಾ ಪ್ರಾಂತದ ಹಮಾಮಾತ್ಸು. ಹೋಂಡಾ, ಸುಜುಕಿ, ಯಮಾಹಾ ಮೂರೂ ಮೊಳೆತದ್ದು ಈ ನಗರದ ಮಣ್ಣಿನಲ್ಲಿ. ಇದು ಕೇವಲ ಕಾಕತಾಳೀಯವೆನ್ನುವಂತಿಲ್ಲ. ಹಿಂದಿನಿಂದಲೂ ಇದು ಹತ್ತಿಬಟ್ಟೆಯ ನೇಕಾರರ ಸೀಮೆ. ಮಗ್ಗ ಕಟ್ಟಬೇಕಾದರೆ ಮರಗೆಲಸ, ಎರಕ, ಕಬ್ಬಿಣ ಕಡೆಯುವ ಕೆಲಸ ಎಲ್ಲವೂ ಬೇಕು. ಮಿಚಿಒ ಸುಜುಕಿ 1909ರಲ್ಲಿ ಇಲ್ಲಿ ಮಗ್ಗದ ಕಾರ್ಖಾನೆ ತೆರೆದನು. 1950ರ ದಶಕದ ಆರಂಭದಲ್ಲಿ ಬಟ್ಟೆಯ ವ್ಯಾಪಾರ ಕುಸಿದಾಗ ಆ ಕಾರ್ಖಾನೆ 1952ರಲ್ಲಿ ಬೈಸಿಕಲ್ಲಿಗೆ ಜೋಡಿಸುವ 36 ಸಿ.ಸಿ. ಎಂಜಿನ್ನನ್ನು ಹೊರತಂದಿತು. ಇನ್ನೊಂದು ಕಡೆ ತೊರಾಕುಸು ಯಮಾಹಾ ಸ್ಥಾಪಿಸಿದ ವಾದ್ಯಗಳ ಕಾರ್ಖಾನೆ ಇತ್ತು. ಯುದ್ಧಕಾಲದಲ್ಲಿ ಅದು ವಿಮಾನದ ಪ್ರೊಪೆಲರುಗಳನ್ನು ಮಾಡಿತು. ಯುದ್ಧ ಮುಗಿದ ಮೇಲೆ ಸುಮ್ಮನೆ ಬಿದ್ದಿದ್ದ ಆ ಯಂತ್ರಗಳಿಗೆ ಕೆಲಸ ಹುಡುಕುತ್ತ, 1955ರಲ್ಲಿ ವೈ.ಎ. 1 ಎಂಬ 125 ಸಿ.ಸಿ. ಗಾಡಿಯನ್ನು ತಂದಿತು. ಜನ ಅದನ್ನು 'ಕೆಂಪು ಕೊಡತಿ ಹುಳು' ಎಂದಲ್ಲ, ಇನ್ನೂ ಸೊಗಸಾಗಿ, 'ಕೆಂಪು ಏರೋಪ್ಲೇನ್ ಚಿಟ್ಟೆ' ಎಂಬರ್ಥದ ಹೆಸರಿನಿಂದ ಕರೆದರು. ಯಮಾಹಾ ಗಾಡಿಯ ಮೇಲಿನ ಲಾಂಛನವನ್ನು ಸರಿಯಾಗಿ ನೋಡಿ: ಅಲ್ಲಿರುವುದು ಮೂರು ಶ್ರುತಿಕವಲುಗಳು. ಸಂಗೀತದ ಮನೆಯ ಗುರುತು ಎಂಜಿನ್ನಿನ ಸದ್ದಿನ ಜೊತೆ ಇಂದಿಗೂ ಓಡಾಡುತ್ತಿದೆ.

ಸೊಯಿಚಿರೊ ಹೋಂಡಾನ ಆರಂಭ ಇನ್ನೂ ಬಡತನದ್ದು. 1945ರಲ್ಲಿ ಬಾಂಬು ಮತ್ತು ಯುದ್ಧನೌಕೆಗಳ ಗುಂಡಿನಿಂದ ಹಮಾಮಾತ್ಸು ಹಾಳಾಗಿತ್ತು. 1946ರಲ್ಲಿ ಅವನು ಅಲ್ಲಿಯೇ ಒಂದು ಸಣ್ಣ ಕಾರ್ಯಾಗಾರ ತೆರೆದು, ಸೈನ್ಯದ ವೈರ್‌ಲೆಸ್ ಯಂತ್ರಗಳಿಗೆ ವಿದ್ಯುತ್ತು ಒದಗಿಸಲು ಮಾಡಿದ್ದ ಪುಟ್ಟ ಎಂಜಿನ್ನುಗಳನ್ನು ಕೊಂಡು ಬೈಸಿಕಲ್ಲಿಗೆ ಕೂಡಿಸಿದನು. ಮೊದಲ ಪ್ರಯೋಗದ ಗಾಡಿಗೆ ಪೆಟ್ರೋಲು ಟ್ಯಾಂಕು ಯಾವುದು ಗೊತ್ತೆ? ಚಳಿಗೆ ಹಾಸಿಗೆಯಲ್ಲಿಟ್ಟುಕೊಳ್ಳುವ ಬಿಸಿನೀರಿನ ಸೀಸೆ! ಆ ಎಂಜಿನ್ನುಗಳು ತೀರಿದಾಗ 1947ರಲ್ಲಿ ತನ್ನದೇ ಎಂಜಿನ್ನು ಮಾಡಿದನು. 1948ರಲ್ಲಿ ಕಂಪನಿ ಕಟ್ಟಿದನು.

ಮುಂದೆ ಹುಟ್ಟೂರುಗಳು ಹಲವಾದವು. ಹೋಂಡಾ ಕಂಪನಿ ಟೋಕಿಯೊ, ಸೈತಾಮಾಗಳಿಗೆ ಹಬ್ಬಿತು. 1958ರಲ್ಲಿ ಬಂದ ಸೂಪರ್ ಕಬ್ ಗಾಡಿಯ ಬೇಡಿಕೆ ಪೂರೈಸಲೆಂದು 1960ರಲ್ಲಿ ಸುಜುಕಾ ಪಟ್ಟಣದಲ್ಲಿ, ತಿಂಗಳಿಗೆ 30,000 ಗಾಡಿ ತಯಾರಿಸಬಲ್ಲ ಕಾರ್ಖಾನೆ ಎದ್ದಿತು. 1976ರಲ್ಲಿ ದಕ್ಷಿಣದ ಕುಮಾಮೊತೊದಲ್ಲಿ ಮತ್ತೊಂದು. ಇದೇ ಸೂಪರ್ ಕಬ್ಬಿನ ತಯಾರಿಕೆ 2012ರಲ್ಲಿ ಚೀನಾಕ್ಕೆ ಹೋಗಿ, 2017ರಲ್ಲಿ ಕುಮಾಮೊತೊಗೆ ಮರಳಿತು. ಒಂದೇ ಹೆಸರಿನ ಗಾಡಿಗೆ ಎಷ್ಟು ತವರು ನೋಡಿ!

ಇವರೆಲ್ಲ ಉಳಿದುಕೊಂಡವರು, ಇವರ ದಾಖಲೆಗಳೂ ಉಳಿದಿವೆ. 1950ರ ದಶಕದಲ್ಲಿ ಜಪಾನಿನಲ್ಲಿ ನೂರಕ್ಕೂ ಹೆಚ್ಚು ಮಂದಿ ಮೋಟಾರು ಸೈಕಲ್ಲು ತಯಾರಿಸುತ್ತಿದ್ದರು. ಒಂದು ಕಾಲಕ್ಕೆ ಹೋಂಡಾಗೆ ಸರಿಸಾಟಿಯಾಗಿದ್ದ ತೊಹಾತ್ಸು 1964ರಲ್ಲಿ ದಿವಾಳಿಯೆದ್ದಿತು. ಟೋಕಿಯೊದ ಮೆಗುರೊ ಕವಾಸಾಕಿಯಲ್ಲಿ ಲೀನವಾಯಿತು. ಹಮಾಮಾತ್ಸುವಿನಲ್ಲೇ ಮಾರುಷೊ ಎಂಬ ಕಂಪನಿಯಿತ್ತು. ಅದನ್ನು ಕಟ್ಟಿದವನು ಹಿಂದೆ ಹೋಂಡಾನ ಕೈಕೆಳಗೆ ಕೆಲಸ ಕಲಿತವನು. ಸರಪಣಿಯ ಬದಲು ಷಾಫ್ಟಿನಿಂದ ಚಕ್ರ ತಿರುಗಿಸುವ ಅವನ 'ಲೈಲಾಕ್' ಗಾಡಿ 1955ರ ಅಸಾಮಾ ಪಂದ್ಯದಲ್ಲಿ 250 ಸಿ.ಸಿ. ವಿಭಾಗವನ್ನು ಗೆದ್ದಿತು. 1967ರ ಹೊತ್ತಿಗೆ ಆ ಕಂಪನಿಯೂ ಮುಚ್ಚಿತು. ಇಂಥ ಮನೆತನದ ಗಾಡಿಗೆ ಊರನ್ನು ಹೇಳಲು ಕಚೇರಿಯಿಲ್ಲ, ಕಾರ್ಖಾನೆಯಿಲ್ಲ. ಇರುವುದು ಲೋಹದ ಮೇಲೆ ಒತ್ತಿದ ಕೆಲವು ಅಂಕಿಗಳು ಮಾತ್ರ.

ಆದ್ದರಿಂದ ಹಳೆಯ ಗಾಡಿಯನ್ನು ಹೊಸದಾಗಿಸುವ ಉತ್ಸಾಹ ನಿಮಗೆ ಬಂದಾಗ ಒಂದು ಮಾತನ್ನು ನೆನಪಿನಲ್ಲಿಡಿ. ಬಣ್ಣ ಹೊಡೆಯುವವನ ಕೈಗೆ ಕೊಡುವ ಮೊದಲು ಎರಡು ನಂಬರುಗಳನ್ನೂ ಬರೆದಿಟ್ಟುಕೊಳ್ಳಿ, ಎರಕದ ಗುರುತುಗಳ ಚಿತ್ರ ತೆಗೆದಿಡಿ. ಉಪ್ಪುಕಾಗದವನ್ನು ಆ ಜಾಗದಲ್ಲಿ ಮೆಲ್ಲಗೆ ಆಡಿಸುವಂತೆ ಹೇಳಿ. ಟ್ಯಾಂಕಿನ ಹೊಳಪು ಹೋದರೆ ಮತ್ತೆ ತರಬಹುದು. ಸವೆದುಹೋದ ಅಂಕಿಯನ್ನು ಯಾವ ಮೆಕ್ಯಾನಿಕ್ಕೂ ಮತ್ತೆ ತರಲಾರ.