ಔಷಧಿ ಕುಡಿದವರು ಮತ್ತು ಪ್ರಯೋಗಾಲಯದ ಒಂದು ಸಾಲು

ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ 'ಔಷಧಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಜ್ವರಕ್ಕೆ ಕುಡಿಯುವುದೂ ಔಷಧಿ, ಗದ್ದೆಗೆ ಹೊಡೆಯುವುದೂ ಔಷಧಿ. 'ಔಷಧಿ ಕುಡಿದುಬಿಟ್ಟನಂತೆ' ಎಂದು ಯಾರಾದರೂ ತಗ್ಗಿದ ದನಿಯಲ್ಲಿ ಹೇಳಿದರೆ ಅದು ಯಾವ ಔಷಧಿಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೂವತ್ತು ವರ್ಷಗಳ ಹಿಂದೆ, ನಾನು ಪಾಠ ಮಾಡುತ್ತಿದ್ದ ಊರಿನಲ್ಲಿ, ಹತ್ತನೆಯ ತರಗತಿಯ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಹಾಗೆ ತೀರಿಕೊಂಡರು. ಏಳೆಂಟು ತಿಂಗಳಾದ ಮೇಲೆ ಹುಡುಗನ ಸೋದರಮಾವ ಒಂದು ಕಾಗದ ಹಿಡಿದು ಶಾಲೆಗೆ ಬಂದರು. "ಇಂಗ್ಲಿಷ್‌ನಲ್ಲದೆ ಮೇಷ್ಟ್ರೇ, ಏನ್ ಬರ್ದವ್ರೆ ಒಸಿ ನೋಡಿ" ಎಂದರು. ಮೃತರ ಒಳಾಂಗಗಳಲ್ಲಿ ಕೀಟನಾಶಕದ ಅಂಶ ಪತ್ತೆಯಾಗಿದೆ ಎಂಬುದೇ ಅದರ ಸಾರ. ಓದಿ ಹೇಳಿದೆ. "ಅದು ಅವತ್ತೇ ಗೊತ್ತಿತ್ತಲ್ಲ" ಎಂದು ಅವರು ಕಾಗದವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು.

ಎಲ್ಲರಿಗೂ ಗೊತ್ತಿರುವುದನ್ನು ಹೇಳಲು ಅಷ್ಟೊಂದು ರಸಾಯನಶಾಸ್ತ್ರವೇಕೆ ಎಂದು ನನಗೂ ಆಗ ಅನ್ನಿಸಿತ್ತು. ವಿಷಪರೀಕ್ಷೆಯ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಬೋಗಾದಿಯ ನಮ್ಮ ಮನೆಗೆ ಬಂದಿದ್ದಾಗ ಆ ಪ್ರಶ್ನೆ ಮತ್ತೆ ಎದ್ದಿತು. ಅವನು ಹೇಳಿದ್ದನ್ನೂ ಅವನು ಹೋದ ಮೇಲೆ ನಾನು ಹುಡುಕಿ ಓದಿದ್ದನ್ನೂ ಇಲ್ಲಿ ಸೇರಿಸಿ ಬರೆಯುತ್ತಿದ್ದೇನೆ.

ವಿಷಶಾಸ್ತ್ರಕ್ಕೆ ಆಧುನಿಕ ರೂಪ ಕೊಟ್ಟವನು ಮೆತ್ಯೂ ಓರ್ಫಿಲಾ. ಸ್ಪೇನಿಗೆ ಸೇರಿದ ಮಿನೋರ್ಕಾ ದ್ವೀಪದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಅಧ್ಯಾಪಕನಾದ ಅವನ ವಿಷಗ್ರಂಥ ಹೊರಬರತೊಡಗಿದ್ದು 1814ರಲ್ಲಿ. 1836ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಪಾಷಾಣವನ್ನು ನಂಬಿಕೆಗೆ ಅರ್ಹವಾಗಿ ಪತ್ತೆಹಚ್ಚುವ ವಿಧಾನವನ್ನು ಪ್ರಕಟಿಸಿದ. ಭಾರತಕ್ಕೆ ಈ ವಿದ್ಯೆ ಬಂದದ್ದು ತಡವಾಗಿಯೇನೂ ಅಲ್ಲ. ಮದರಾಸಿನಲ್ಲಿ 1849ರಲ್ಲಿ, ಕಲ್ಕತ್ತೆಯಲ್ಲಿ 1853ರಲ್ಲಿ, ಆಗ್ರಾದಲ್ಲಿ 1864ರಲ್ಲಿ, ಮುಂಬಯಿಯಲ್ಲಿ 1870ರಲ್ಲಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯಗಳು ಆರಂಭವಾದವು. ಅಂದಿನ ಸರ್ಕಾರಕ್ಕೆ ಬೇಕಾಗಿದ್ದ ಉತ್ತರ ಒಂದೇ: ಇದು ಕೊಲೆಯೋ ಅಲ್ಲವೋ? ಕೊಲೆಯಲ್ಲವೆಂದು ತಿಳಿದೊಡನೆ ಕಡತ ಮುಚ್ಚುತ್ತಿತ್ತು. ಆ ಅಭ್ಯಾಸ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಇಂದಿಗೂ ಕ್ರಮ ಬಹುಮಟ್ಟಿಗೆ ಅದೇ. ಪೊಲೀಸರು ಅಸಹಜ ಸಾವೆಂದು ದಾಖಲಿಸಿ ಮಹಜರು ಮಾಡುತ್ತಾರೆ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಒಳಾಂಗಗಳ ಭಾಗಗಳನ್ನು ಬಾಟಲಿಯಲ್ಲಿಟ್ಟು ಮೊಹರು ಮಾಡುತ್ತಾರೆ. ಅವು ಬೆಂಗಳೂರಿನ ಮಡಿವಾಳದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ಮೈಸೂರಿನಂತಹ ಊರುಗಳ ಪ್ರಾದೇಶಿಕ ಪ್ರಯೋಗಾಲಯಗಳಿಗೋ ಹೋಗುತ್ತವೆ. ಅಲ್ಲಿ ನಡೆಯುವ ಪರೀಕ್ಷೆಗಳ ಪೈಕಿ ಕ್ರೊಮಟಾಗ್ರಫಿ ಮುಖ್ಯವಾದುದು. ಹೆಸರಿಗೆ ಹೆದರಬೇಡಿ. ಸೀಮೆಸುಣ್ಣದ ಮೇಲೆ ಕಪ್ಪು ಶಾಯಿಯ ಚುಕ್ಕಿಯಿಟ್ಟು, ಅದರ ಬುಡವನ್ನು ನೀರಿನಲ್ಲಿ ನಿಲ್ಲಿಸಿ, ನೀರು ಏರಿದಂತೆ ನೀಲಿ, ಕೆಂಪು, ಹಳದಿ ಬೇರೆಯಾಗುವುದನ್ನು ನಿಮ್ಮಲ್ಲಿ ಅನೇಕರು ನನ್ನ ತರಗತಿಯಲ್ಲಿ ನೋಡಿದ್ದೀರಿ. ತತ್ತ್ವ ಅದೇ. ಬೆರೆತ ವಸ್ತುಗಳು ಬೇರೆಬೇರೆ ವೇಗದಲ್ಲಿ ಚಲಿಸಿ ಬೇರ್ಪಡುತ್ತವೆ, ಆಮೇಲೆ ಒಂದೊಂದಕ್ಕೂ ಹೆಸರು ಸಿಗುತ್ತದೆ.

ಆ ಹೆಸರು ಕಡತವನ್ನು ದಾಟಿ ಕಾನೂನನ್ನೇ ಹುಟ್ಟಿಸಿದ ಪ್ರಸಂಗ ನಮ್ಮ ಪಕ್ಕದ ಕೇರಳದಲ್ಲಿ ನಡೆಯಿತು. 1958ರಲ್ಲಿ ಅಲ್ಲಿ ಗೋಧಿಹಿಟ್ಟಿನ ತಿಂಡಿ ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಅದು ಆತ್ಮಹತ್ಯೆಯೂ ಅಲ್ಲ, ಕೊಲೆಯೂ ಅಲ್ಲ. ಹಡಗಿನಲ್ಲಿ ಆಹಾರದ ಜೊತೆ ಸಾಗಿಸಿದ್ದ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಹಿಟ್ಟಿಗೆ ಬೆರೆತಿತ್ತು. ಹಳ್ಳಿಯವರ ಬಾಯಲ್ಲಿ 'ಫಾಲಿಡಾಲ್' ಎಂದು ಹೆಸರಾಗಿದ್ದುದು ಅದೇ. ನ್ಯಾಯಮೂರ್ತಿ ಜೆ. ಸಿ. ಷಾ ಅವರ ವಿಚಾರಣಾ ಆಯೋಗ, ಅನಂತರದ ಸಮಿತಿಗಳು, ಕೊನೆಗೆ 1968ರ ಕೀಟನಾಶಕ ಕಾಯಿದೆ. ಕೀಟನಾಶಕಗಳ ನೋಂದಣಿ, ಮಾರಾಟದ ಪರವಾನಗಿ ಎಲ್ಲವೂ ಆ ಕಾಯಿದೆಯಿಂದ ಬಂದವು.

ಆದರೆ ಮನೆಯ ಅಟ್ಟದ ಮೇಲೆ, ಮಂಚದ ಕೆಳಗೆ ಕುಳಿತ ಡಬ್ಬಿಯಿಂದ ಸಾಯುವವರ ಬಗ್ಗೆ ಯಾರೂ ಹಾಗೆ ಯೋಚಿಸಲಿಲ್ಲ. ಯೋಚಿಸಿದ ದೇಶ ಶ್ರೀಲಂಕಾ. ಅಲ್ಲಿ 1984ರಲ್ಲಿ ಪ್ಯಾರಾಥಿಯಾನ್ ವರ್ಗವನ್ನು, 1995ರ ವೇಳೆಗೆ ಅತ್ಯಂತ ಅಪಾಯಕಾರಿ ಶ್ರೇಣಿಯ ಉಳಿದವನ್ನು ಅಂಗಡಿಗಳಿಂದ ತೆಗೆಸಿದರು. ಒಂದು ಹೋದ ಜಾಗಕ್ಕೆ ಎಂಡೋಸಲ್ಫಾನ್ ಬಂತು, ಅದರಿಂದ ಸಾವು ಹೆಚ್ಚುತ್ತಿರುವುದನ್ನು ಆಸ್ಪತ್ರೆಗಳು ಗಮನಿಸಿದವು, 1998ರಲ್ಲಿ ಅದೂ ಹೋಯಿತು. ಅನುರಾಧಪುರದ ಕಡೆ ಕೆಲಸ ಮಾಡಿದ ಬ್ರಿಟಿಷ್ ವೈದ್ಯ ಮೈಕೆಲ್ ಎಡಲ್‌ಸ್ಟನ್ ಮತ್ತು ಅವರ ಸಂಗಡಿಗರು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಯಾರು ಯಾವ ವಸ್ತುವನ್ನು ಕುಡಿದಿದ್ದರೆಂದು ಖಚಿತಪಡಿಸಿಕೊಂಡು, ಅವರಲ್ಲಿ ಎಷ್ಟು ಜನ ಬದುಕಿದರೆಂದು ಲೆಕ್ಕಹಾಕಿದರು. ಇಲಿಗಳ ಮೇಲಿನ ಪ್ರಯೋಗದಿಂದ ಮಾಡಿದ್ದ ಶ್ರೇಣೀಕರಣ ಮನುಷ್ಯರ ವಿಷಯದಲ್ಲಿ ಸರಿಹೊಂದುವುದಿಲ್ಲವೆಂದು 2005ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಒಂದೇ ಗುಂಪಿಗೆ ಸೇರಿದವೆಂದು ಕರೆಯುತ್ತಿದ್ದ ವಸ್ತುಗಳಲ್ಲೇ ಬದುಕುಳಿಯುವ ಪ್ರಮಾಣ ಬಹಳ ಬೇರೆಯಾಗಿತ್ತು. ಯಾವುದನ್ನು ತೆಗೆಯಬೇಕೆಂದು ಹೇಳಬಲ್ಲದ್ದು ಪ್ರಯೋಗಾಲಯದ ಉತ್ತರ ಮಾತ್ರ. 2008ರಿಂದ 2011ರ ನಡುವೆ ಇನ್ನೂ ಮೂರನ್ನು ಅಲ್ಲಿ ಹಿಂತೆಗೆದುಕೊಂಡರು. 1995ರಿಂದ 2015ರ ವೇಳೆಗೆ ಶ್ರೀಲಂಕಾದ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಉಳಿದ ಜೀವಗಳು ಸುಮಾರು 93,000 ಎಂದು ಸಂಶೋಧಕರ ಅಂದಾಜು. ಭತ್ತದ ಇಳುವರಿ ಈ ನಿಷೇಧಗಳಿಂದ ಕುಸಿಯಲಿಲ್ಲ ಎಂಬುದನ್ನೂ ಹೇಳಬೇಕು.

ರೈತ ಚಳವಳಿಯಲ್ಲಿದ್ದ ನನ್ನ ಗೆಳೆಯರೊಬ್ಬರು ಇದನ್ನು ಒಪ್ಪುವುದಿಲ್ಲ. "ಕಾರಣ ಇರುವುದು ಸಾಲದಲ್ಲಿ, ಬೆಲೆಯಲ್ಲಿ, ಬಾಟಲಿಯಲ್ಲಲ್ಲ" ಎನ್ನುತ್ತಾರೆ. ಬಹುಕಾಲ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ನಮ್ಮ ರಾಜ್ಯದಲ್ಲಿ ರೈತರ ಆತ್ಮಹತ್ಯೆಗಳು ದೊಡ್ಡ ಸುದ್ದಿಯಾದಾಗ ಸರ್ಕಾರ ಡಾ. ಜಿ. ಕೆ. ವೀರೇಶ್ ಅವರ ಸಮಿತಿಯನ್ನು ನೇಮಿಸಿತು. 2002ರಲ್ಲಿ ವರದಿ ಬಂದ ಮೇಲೆ ಎಷ್ಟು ವಾದವಾಯಿತು! ಸಾಲವೇ, ಕುಡಿತವೇ, ಸಂಸಾರವೇ ಎಂದು ಪತ್ರಿಕೆಗಳಲ್ಲಿ ಜಗಳವಾಯಿತು. ವಾದವೆಲ್ಲ 'ಏಕೆ' ಎಂಬುದರ ಸುತ್ತ ನಡೆಯಿತೇ ಹೊರತು 'ಯಾವುದರಿಂದ' ಎಂಬುದು ಚರ್ಚೆಗೇ ಬರಲಿಲ್ಲ. ಸಾಲ ತೀರಿಸುವ ಕೆಲಸ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಶ್ರೀಲಂಕಾದಲ್ಲಿ ಬದುಕುಳಿದವರನ್ನು ಮಾತನಾಡಿಸಿದಾಗ, ಹಲವರು ಅರ್ಧ ಗಂಟೆಯೂ ಯೋಚಿಸದೆ, ಜಗಳದ ಬಿಸಿಯಲ್ಲಿ, ಕೈಗೆ ಸಿಕ್ಕಿದ್ದನ್ನು ಕುಡಿದಿದ್ದರೆಂದು ತಿಳಿಯಿತು. ಹೀಗೆ ಬದುಕುಳಿದವರಲ್ಲಿ ಬಹುಪಾಲು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ಗಳಿಗೆಯಲ್ಲಿ ಕೈಗೆ ಸಿಕ್ಕುವುದು ಏನು ಎಂಬುದರಿಂದ ಒಂದು ಮನೆಯ ಮುಂದಿನ ಮೂವತ್ತು ವರ್ಷ ತೀರ್ಮಾನವಾಗುತ್ತದೆ.

ನಮ್ಮಲ್ಲಿ ಏನಾಗಿದೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಆತ್ಮಹತ್ಯೆಗಳ ವಾರ್ಷಿಕ ವರದಿ ಹೊರಡಿಸುತ್ತದೆ. ಅದರಲ್ಲಿ 'ಕೀಟನಾಶಕ ಸೇವನೆ' ಎಂಬ ಒಂದು ಅಂಕಣವಿದೆ, ಯಾವ ಕೀಟನಾಶಕ ಎಂಬುದಿಲ್ಲ. ಪ್ರಯೋಗಾಲಯ ಕಷ್ಟಪಟ್ಟು ಕಂಡುಹಿಡಿದ ಹೆಸರು ಠಾಣೆಯ ಕಡತದಲ್ಲೇ ಉಳಿಯುತ್ತದೆ. "ನಾವು ಹೆಸರು ಬರೆದು ಕಳಿಸುತ್ತೇವೆ ಸಾರ್, ಆಮೇಲೆ ಅದನ್ನು ಕೂಡಿಸಿ ನೋಡುವವರು ಯಾರು?" ಎಂದು ನನ್ನ ವಿದ್ಯಾರ್ಥಿ ಕೇಳಿದ. ಏನೂ ಆಗಿಲ್ಲವೆಂದರೆ ತಪ್ಪಾದೀತು. ಕಾಸರಗೋಡಿನ ಗೇರುತೋಟಗಳ ಸುತ್ತಲಿನ ಜನರ ನರಳಾಟದಿಂದ ಎದ್ದ ಹೋರಾಟದ ಫಲವಾಗಿ 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆಯಿತು. 2018ರಲ್ಲಿ ಕೇಂದ್ರ ಸರ್ಕಾರ 18 ಕೀಟನಾಶಕಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು, ಅವುಗಳಲ್ಲಿ 6ಕ್ಕೆ 2020ರ ಕೊನೆಯವರೆಗೆ ಗಡುವು ಕೊಟ್ಟಿತು. ತಮಿಳುನಾಡಿನ ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋಯಿಲ್ ಬಳಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರ ತಂಡ ಇನ್ನೊಂದು ದಾರಿಯನ್ನು ಪರೀಕ್ಷಿಸಿತು. ಊರಿಗೆಲ್ಲ ಸೇರಿ ಒಂದು ಕಟ್ಟಡ, ಅದರಲ್ಲಿ ಬೀಗವಿರುವ ಪೆಟ್ಟಿಗೆಗಳು, ಪ್ರತಿ ರೈತನ ಔಷಧಿ ಅಲ್ಲೇ. ಬ್ಯಾಂಕಿನ ಲಾಕರಿನಂತೆ. ಆ ಹಳ್ಳಿಗಳಲ್ಲಿ ಇಂತಹ ಸಾವುಗಳು ಇಳಿದವು.

ಆಸ್ಪತ್ರೆಯಲ್ಲಿ "ಗೊತ್ತಿಲ್ಲದೆ ಕುಡಿದ" ಎಂದು ಮನೆಯವರು ಸುಳ್ಳು ಹೇಳುತ್ತಿದ್ದ ಕಾಲವೊಂದಿತ್ತು. ಪ್ರಯತ್ನವೇ ಅಪರಾಧವಾಗಿದ್ದುದರಿಂದ ಪೊಲೀಸರ ಭಯ. 2017ರ ಮಾನಸಿಕ ಆರೋಗ್ಯ ಕಾಯಿದೆ ಆ ಭಯವನ್ನು ಸಡಿಲಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮೇ ಇಲ್ಲ. ಆದ್ದರಿಂದ ಊರಿನಲ್ಲಿ ತೋಟ ಇಟ್ಟುಕೊಂಡಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು: ಅಂತಹ ಗಳಿಗೆ ಬಂದರೆ ಏನನ್ನೂ ಮುಚ್ಚಿಡದೆ, ಮನೆಮದ್ದಿಗೆ ಹೊತ್ತು ಕಳೆಯದೆ, ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಓಡಿ. ಏಳೆಂಟು ತಿಂಗಳ ಮೇಲೆ ಕಾಗದದಲ್ಲಿ ಬರುವ ಹೆಸರು ಆಗಲೇ ವೈದ್ಯರ ಕಣ್ಣಿಗೆ ಬೀಳಲಿ. ಅದಕ್ಕೂ ಮೊದಲು, ನಿಮ್ಮಲ್ಲಿ ಅಥವಾ ನಿಮ್ಮ ಮನೆಯಲ್ಲಿ ಯಾರಿಗಾದರೂ ಬದುಕು ಭಾರವೆನಿಸಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಸೇವೆ, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ನನಗೆ ಫೋನು ಮಾಡಿದರೂ ಆದೀತು. ನಿದ್ದೆ ಕಡಿಮೆ, ಎಚ್ಚರವಾಗಿಯೇ ಇರುತ್ತೇನೆ.