ಒಂದೇ ಮೇಜು, ಎರಡು ಮದ್ಹಬ್: ಕಡಲಿನ ಆಹಾರದ ಇತಿಹಾಸ

ತಮ್ಮನ ವಿವಾಹದ ಬಳಿಕ ನಮ್ಮ ಮನೆಮಂದಿಯೆಲ್ಲ ಮೊದಲ ಬಾರಿಗೆ ಒಟ್ಟಾಗಿ ಹೊರಗೆ ಊಟಕ್ಕೆ ಹೋದೆವು. ಮಂಗಳೂರಿನ ಒಂದು ಸಮುದ್ರಾಹಾರದ ಹೋಟೆಲು. ಅಂಜಲ್, ಬಂಗುಡೆಗಳ ಸಾಲಿನಲ್ಲೇ ಜಪಾನಿನ ಸುಶಿಯೂ ಪಟ್ಟಿಯಲ್ಲಿತ್ತು. ನಾವು ಮಲೆನಾಡಿನ ಹನಫೀ ಕುಟುಂಬದವರು. ಹೊಸ ಸೊಸೆ ಭಟ್ಕಳದವಳು, ಶಾಫಿಈ ಮದ್ಹಬಿನಲ್ಲಿ ಬೆಳೆದವಳು. ಅವಳು ಸಹಜವಾಗಿಯೇ ಹುರಿದ ಬೊಂಡಾಸನ್ನು ತರಿಸಿಕೊಂಡಳು. ತಟ್ಟೆ ಬಂದೊಡನೆ ನಮ್ಮ ತಾಯಿಯವರು ಕೈ ಹಿಂದೆಗೆದುಕೊಂಡರು. "ಅದು ಹರಾಮ್" ಎಂದು ನಾವು ಯೋಚಿಸದೆ ನುಡಿದುಬಿಟ್ಟೆವು. ಸೊಸೆ ಮರುಮಾತನಾಡದೆ ತಟ್ಟೆಯನ್ನು ದೂರ ಸರಿಸಿದಳು. ಮರಳುವ ದಾರಿಯಲ್ಲಿ ಹತ್ತು ವರ್ಷದ ಮಗಳು ಕೇಳಿದಳು: "ಹಾಗಾದರೆ ಚಿಕ್ಕಮ್ಮ ಇಷ್ಟು ವರ್ಷ ಹರಾಮ್ ತಿಂದರೇ?"

ಮದ್ರಸದಲ್ಲಿ ಪಾಠ ಹೇಳುವ ನಮಗೆ ಆ ಪ್ರಶ್ನೆ ನಾಚಿಕೆಯನ್ನು ತಂದಿತು. ಅದಕ್ಕೆ ಕೊಡಬೇಕಾದ ಉತ್ತರವನ್ನು ಇತಿಹಾಸದಿಂದಲೇ ಆರಂಭಿಸಬೇಕಾಗಿದೆ.

ಪ್ರವಾದಿವರ್ಯರು(ಸ) ಅಬೂ ಉಬೈದಾ ಬಿನ್ ಜರ್ರಾಹ್(ರ) ಅವರ ನಾಯಕತ್ವದಲ್ಲಿ ಸುಮಾರು 300 ಮಂದಿಯ ಒಂದು ದಳವನ್ನು ಕಡಲ ತೀರಕ್ಕೆ ಕಳುಹಿಸಿದ್ದರು. ಆ ದಳದಲ್ಲಿದ್ದ ಜಾಬಿರ್ ಬಿನ್ ಅಬ್ದುಲ್ಲಾಹ್(ರ) ಅದರ ಕಥೆಯನ್ನು ತಿಳಿಸಿದ್ದಾರೆ. ಜೊತೆಗಿದ್ದ ಖರ್ಜೂರ ಮುಗಿಯುತ್ತ ಬಂದು, ಕೊನೆಗೆ ದಿನಕ್ಕೆ ಒಬ್ಬರಿಗೆ ಒಂದೇ ಹಣ್ಣು ದೊರೆಯುವಂತಾಯಿತು. ಅದನ್ನು ಮಗುವಿನಂತೆ ಚೀಪಿ, ಮೇಲೆ ನೀರು ಕುಡಿದು ರಾತ್ರಿಯವರೆಗೆ ತಡೆದುಕೊಳ್ಳುತ್ತಿದ್ದರು. ಗಿಡದ ಎಲೆಗಳನ್ನು ಕೋಲಿನಿಂದ ಬಡಿದು ಉದುರಿಸಿ, ನೀರಿನಲ್ಲಿ ನೆನೆಸಿ ತಿಂದರು. ಆಗ ದಡದಲ್ಲಿ ಮರಳಿನ ದಿಬ್ಬದಂತಹ ಆಕೃತಿಯೊಂದು ಕಾಣಿಸಿತು. ಹತ್ತಿರ ಹೋಗಿ ನೋಡಿದರೆ 'ಅಂಬರ್' ಎಂದು ಕರೆಯಲಾಗುವ ಭಾರೀ ಜಲಚರ. ಅದರ ಪಕ್ಕೆಲುಬನ್ನು ನಿಲ್ಲಿಸಿದಾಗ ಒಂಟೆಯ ಮೇಲೆ ಕುಳಿತವರು ಅದರ ಕೆಳಗೆ ಹಾದುಹೋದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಬೂ ಉಬೈದಾ(ರ) ಮೊದಲು ಅದನ್ನು ಶವವೆಂದು ಭಾವಿಸಿ ಹಿಂಜರಿದರು. ಬಳಿಕ ತಾವು ಅಲ್ಲಾಹನ ಮಾರ್ಗದಲ್ಲಿರುವವರು, ಸಂಕಷ್ಟದಲ್ಲಿರುವವರು ಎಂಬುದನ್ನು ಪರಿಗಣಿಸಿ ತಿನ್ನಲು ಅನುಮತಿಸಿದರು. ಅವರು ಮದೀನಕ್ಕೆ ಮರಳಿ ನಡೆದುದನ್ನು ತಿಳಿಸಿದಾಗ ಪ್ರವಾದಿವರ್ಯರು(ಸ) ಅದು ಅಲ್ಲಾಹನು ನೀಡಿದ ಆಹಾರವೆಂದರು. ಅದರಲ್ಲಿ ಉಳಿದಿದ್ದರೆ ತಮಗೂ ಕೊಡಿರೆಂದು ಕೇಳಿ ಸ್ವತಃ ತಿಂದರು. ಸಂಗಾತಿಗಳ ಮನಸ್ಸಿನಲ್ಲಿದ್ದ ಶಂಕೆಯ ಎಳೆಯನ್ನು ನೀಗಿಸಲು ಆ ಒಂದು ತುತ್ತು ಸಾಕಾಯಿತು.

ಕಡಲಿನ ಬೇಟೆ ಮತ್ತು ಆಹಾರವು ಧರ್ಮಸಮ್ಮತವೆಂದು ಪವಿತ್ರ ಕುರ್‌ಆನಿನ ಅಲ್ ಮಾಇದಾ ಅಧ್ಯಾಯದಲ್ಲಿ ಹೇಳಲಾಗಿದೆ. ಆದರೆ 'ಕಡಲಿನ ಆಹಾರ' ಎಂಬ ಮಾತಿನ ವ್ಯಾಪ್ತಿ ಎಷ್ಟು? ಕೂಫಾದ ಇಮಾಮ್ ಅಬೂ ಹನೀಫಾ(ರಹಿ) ಮತ್ತು ಅವರ ಶಿಷ್ಯರು ಜಲಚರಗಳಲ್ಲಿ ಮೀನು ಮಾತ್ರ ಹಲಾಲ್ ಎಂದರು. ಸತ್ತ ಪ್ರಾಣಿಗಳಲ್ಲಿ ಮೀನು ಮತ್ತು ಮಿಡತೆಗೆ ಮಾತ್ರ ಹದೀಸ್ ವಿನಾಯಿತಿ ನೀಡಿದೆ ಎಂಬುದು ಅವರ ಒಂದು ಆಧಾರ. ಅಂಬರ್ ಕೂಡ ಅವರ ಪ್ರಕಾರ ಮೀನೇ. ಅಬೂ ಹನೀಫಾ(ರಹಿ) ನಿಧನರಾದ ಹಿಜರಿ 150ರಲ್ಲೇ ಜನಿಸಿದ ಇಮಾಮ್ ಶಾಫಿಈ(ರಹಿ) ಅವರ ಮದ್ಹಬ್ ಕುರ್‌ಆನಿನ ವಚನದ ವಿಶಾಲಾರ್ಥವನ್ನೂ, ಸಮುದ್ರದ ನೀರು ಶುದ್ಧ, ಅದರಲ್ಲಿ ಸತ್ತುದು ಹಲಾಲ್ ಎಂಬ ಹದೀಸನ್ನೂ ಹಿಡಿಯಿತು. ಒಂದೇ ಕುರ್‌ಆನ್, ಒಂದೇ ಸುನ್ನತ್, ಎರಡು ಪ್ರಾಮಾಣಿಕ ಗ್ರಹಿಕೆಗಳು. ಮದ್ಹಬಿನ ಒಳಗೂ ಎಲ್ಲವೂ ಏಕರೂಪವಲ್ಲ. ಸಿಗಡಿಯು ಮೀನೇ ಅಲ್ಲವೇ ಎಂಬ ಬಗ್ಗೆ ಹನಫೀ ವಿದ್ವಾಂಸರಲ್ಲೇ ಎರಡು ಅಭಿಪ್ರಾಯಗಳಿವೆ. ಏಡಿಯ ಬಗ್ಗೆ ಶಾಫಿಈ ಗ್ರಂಥಗಳಲ್ಲೇ ಚರ್ಚೆಯಿದೆ.

ಈ ಎರಡು ಗ್ರಹಿಕೆಗಳು ನಮ್ಮ ನಾಡಿಗೆ ಬಂದ ದಾರಿಗಳೂ ಬೇರೆ. ಯೆಮನ್ ಮತ್ತು ಪರ್ಷಿಯನ್ ಕೊಲ್ಲಿಯ ಕಡೆಯಿಂದ ಹಾಯಿದೋಣಿಗಳಲ್ಲಿ ಬಂದ ವರ್ತಕರು ಕರಾವಳಿಗೆ ಶಾಫಿಈ ಮದ್ಹಬನ್ನು ತಂದರು. ಮಧ್ಯ ಏಷ್ಯಾದಿಂದ ದಿಲ್ಲಿಗೆ, ದಿಲ್ಲಿಯಿಂದ ದಖನ್ನಿಗೆ ನೆಲದ ದಾರಿಯಲ್ಲಿ ಹನಫೀ ಮದ್ಹಬ್ ಬಂದಿತು. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತಾ ಅಲ್ಲಿನ ಜನರು ಶಾಫಿಈಗಳೆಂದೂ ಧರ್ಮನಿಷ್ಠರೆಂದೂ ಬರೆದಿದ್ದಾನೆ. ಬಾಲಕಿಯರಿಗಾಗಿಯೇ 13 ಶಾಲೆಗಳನ್ನು ಕಂಡುದಾಗಿ ಹೇಳಿದ್ದಾನೆ. ಅಲ್ಲಿನ ಸುಲ್ತಾನನ ಊಟವನ್ನೂ ಆತ ವರ್ಣಿಸಿದ್ದಾನೆ: ತುಪ್ಪ ಬಡಿಸಿದ ಅನ್ನ, ಮೆಣಸು, ಹಸಿ ಶುಂಠಿ, ನಿಂಬೆ ಮತ್ತು ಮಾವಿನ ಉಪ್ಪಿನಕಾಯಿ, ಕೋಳಿ, ಬಳಿಕ ಬಗೆಬಗೆಯ ಮೀನು, ಕೊನೆಗೆ ಮೊಸರು. ಆತ ಸ್ವತಃ ಮಾಲಿಕೀ ಮದ್ಹಬಿನವನು. ಆದರೂ ಆ ಶಾಫಿಈ ಸುಲ್ತಾನನ ಆತಿಥ್ಯವನ್ನು ಆದರದಿಂದ ಸ್ವೀಕರಿಸಿದನು. ನಮ್ಮ ಸೊಸೆ ಅದೇ ಕರಾವಳಿಯ ಮಗಳು. ಅವಳ ಊಟವು ಹೊಸ ಫ್ಯಾಶನ್ ಅಲ್ಲ, ಶತಮಾನಗಳ ಪರಂಪರೆ.

ಇನ್ನು ಸುಶಿಯ ವಿಷಯ. ಸುಶಿ ಎಂದರೆ ಹಸಿ ಮೀನು ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಹುಳಿ ಬೆರೆತ ಅನ್ನವೇ ಅದರ ಜೀವಾಳ. ಪುರಾತನ ಕಾಲದಲ್ಲಿ ಉಪ್ಪು ಹಚ್ಚಿದ ಮೀನನ್ನು ಅನ್ನದ ನಡುವೆ ತಿಂಗಳುಗಟ್ಟಲೆ ಹುದುಗಿಸಿ ಕೆಡದಂತೆ ಕಾಪಾಡುತ್ತಿದ್ದರು. ಬಿವಾ ಸರೋವರದ ತೀರದಲ್ಲಿ ಆ ಪದ್ಧತಿ ಇಂದಿಗೂ ಉಳಿದಿದೆ. ಕಾಲಕ್ರಮೇಣ ಹುದುಗಿನ ಹುಳಿಯ ಸ್ಥಾನಕ್ಕೆ ವಿನೆಗರ್ ಬಂದಿತು. 19ನೇ ಶತಮಾನದ ಆರಂಭದಲ್ಲಿ, ಇಂದು ಟೋಕಿಯೋ ಎನಿಸಿರುವ ಎಡೋ ನಗರದಲ್ಲಿ, ಅನ್ನದ ಮುದ್ದೆಯ ಮೇಲೆ ಮೀನಿನ ತುಂಡನ್ನಿಟ್ಟು ಒಡನೆಯೇ ಕೊಡುವ ಈಗಿನ ರೂಪ ಜನಪ್ರಿಯವಾಯಿತು. ಮೀನಿಗೆ ದಬಹ್ ಬೇಕಿಲ್ಲ. ವಿನೆಗರನ್ನು ಪ್ರವಾದಿವರ್ಯರು(ಸ) ಉತ್ತಮ ವ್ಯಂಜನವೆಂದು ಹೊಗಳಿದ್ದಾರೆ. ಆದರೆ ಕೆಲವು ಅಡುಗೆಯವರು ಅನ್ನಕ್ಕೂ ಸಾಸ್‌ಗೂ ಮಿರಿನ್ ಅಥವಾ ಸಾಕೆ ಎಂಬ ಅಕ್ಕಿಯ ಮದ್ಯವನ್ನು ಬೆರೆಸುತ್ತಾರೆ. ವಿಚಾರಿಸಬೇಕಾದುದು ಇದನ್ನು. 

ಅಂದು ಆ ಮೇಜಿನಲ್ಲಿ ಪರಿಚಾರಕನನ್ನು ಕರೆದು ಅನ್ನಕ್ಕೆ ಮಿರಿನ್ ಹಾಕುತ್ತೀರಾ ಎಂದು ಕೇಳಿದವರು ಯಾರು? ಬೊಂಡಾಸನ್ನು ಕಂಡು ಗದರಿದ ನಾವಲ್ಲ. ಗದರಿಸಿಕೊಂಡ ಆ ಸೊಸೆಯೇ. ಹಾಕುವುದುಂಟು ಎಂದು ಆತ ಹೇಳಿದಾಗ ನಾವೆಲ್ಲರೂ ಸುಶಿಯನ್ನು ಕೈಬಿಟ್ಟೆವು. ನಮ್ಮ ತಿಳಿವಳಿಕೆ ತಪ್ಪಿದಲ್ಲಿ ಅವಳ ಎಚ್ಚರಿಕೆ ನಮ್ಮನ್ನು ಕಾಪಾಡಿತು.

ಮತ್ತೊಂದು ಕುಟುಂಬದ ಊಟವನ್ನು ನೆನೆಯೋಣ. ಮೈಮೂನಾ(ರ) ಅವರ ಮನೆಯಲ್ಲಿ ಮರುಭೂಮಿಯ ಉಡದಂತಹ ಪ್ರಾಣಿಯ ಮಾಂಸವನ್ನು ಬಡಿಸಲಾಯಿತು. ಪ್ರವಾದಿವರ್ಯರು(ಸ) ಕೈ ಹಿಂದೆಗೆದರು. ಅದು ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ತಮ್ಮ ಜನರ ನಾಡಿನಲ್ಲಿ ಅದು ಇಲ್ಲದ್ದರಿಂದ ತಮಗೆ ಹಿಡಿಸದು ಎಂಬರ್ಥದಲ್ಲಿ ಅವರು ಉತ್ತರಿಸಿದರು. ಖಾಲಿದ್(ರ) ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು ಪ್ರವಾದಿವರ್ಯರ(ಸ) ಎದುರಿನಲ್ಲೇ ತಿಂದರು. ತಾನು ತಿನ್ನದಿರುವುದು ಬೇರೆ, ತಿನ್ನುವವರನ್ನು ನೋಯಿಸುವುದು ಬೇರೆ ಎಂಬ ಪಾಠ ಇಲ್ಲಿದೆ.

ಮಗಳಿಗೆ ಮರುದಿನ ಉತ್ತರ ಹೇಳಿದೆವು: ಚಿಕ್ಕಮ್ಮ ಹರಾಮ್ ತಿನ್ನಲಿಲ್ಲ, ಅವರು ತಮ್ಮ ಇಮಾಮರ ದಾರಿಯಲ್ಲಿದ್ದಾರೆ, ನಾವು ನಮ್ಮ ಇಮಾಮರ ದಾರಿಯಲ್ಲಿದ್ದೇವೆ, ತಪ್ಪಿದ್ದು ನಿನ್ನ ತಂದೆಯ ನಾಲಿಗೆ. ಸೊಸೆಯ ಬಳಿಯೂ ಕ್ಷಮೆ ಕೇಳಿದೆವು. ಮುಂದಿನ ಶುಕ್ರವಾರ ತಾಯಿಯವರೇ ಪೇಟೆಯಿಂದ ಬೊಂಡಾಸನ್ನು ತರಿಸಿ, ಅವಳಿಗಾಗಿ ಬೇರೆ ಪಾತ್ರೆಯಲ್ಲಿ ಬೇಯಿಸಿ ಬಡಿಸಿದರು. ಅವರು ಅದನ್ನು ತಿನ್ನಲಿಲ್ಲ. ಆದರೆ ಅವಳ ಪಕ್ಕದಲ್ಲೇ ಕುಳಿತು ತಮ್ಮ ಬಂಗುಡೆಯನ್ನು ತಿಂದರು.

ಒಂದು ಖರ್ಜೂರದಲ್ಲಿ ದಿನ ಕಳೆದವರ ಅನುಯಾಯಿಗಳು ನಾವು. ತುಂಬಿದ ಮೇಜಿನ ಮುಂದೆ ಕುಳಿತು ಪರಸ್ಪರರ ಮನಸ್ಸನ್ನು ಮುರಿಯದಿರೋಣ. ಅಲ್ಲಾಹನು ನಮಗೆ ಹಲಾಲ್ ಆಹಾರವನ್ನೂ, ಅದನ್ನು ಹಂಚಿಕೊಳ್ಳುವ ಸೌಜನ್ಯವನ್ನೂ ಅನುಗ್ರಹಿಸಲಿ. ಆಮೀನ್.